ಮುಚ್ಚಿದ ಕೋಣೆಯಲ್ಲಿ ತಳಿ ಪರೀಕ್ಷೆ

ಶಿವಮೊಗ್ಗದ ನವುಲೆಯಲ್ಲಿ ಮಹಡಿ ಮನೆ ಕಟ್ಟಿದವರಿಗೆ ಬಾಡಿಗೆದಾರರ ಕೊರತೆಯಿಲ್ಲ. ಸವಳಂಗ ರಸ್ತೆಯ ಆಸುಪಾಸಿನಲ್ಲೇ ಕೃಷಿ ಕಾಲೇಜು, ಎಂಜಿನಿಯರಿಂಗ್ ಕಾಲೇಜು ಎರಡೂ ಇವೆ. ಇಂಥದೊಂದು ಮನೆಯ ಯಜಮಾನರು ಬೀಜ ಪ್ರಮಾಣನದ ಕೆಲಸದಲ್ಲಿ ಊರೂರ ಗದ್ದೆ ಸುತ್ತಿ ನಿವೃತ್ತರಾದವರು. ಮಹಡಿಯ ಕೋಣೆಗೆ ಬಂದಿರುವ ಹುಡುಗ ಸಸ್ಯ ತಳಿ ಅಭಿವೃದ್ಧಿಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾನೆ. ಬಾಡಿಗೆ ಕರಾರಿನ ಕೊನೆಯಲ್ಲಿ ಯಜಮಾನರು ಕೈಯಲ್ಲೇ ಒಂದು ಷರತ್ತು ಸೇರಿಸಿದ್ದರು: ಕೋಣೆಯೊಳಗೆ ದೀಪ ಹಾಕಿ ಯಾವ ಗಿಡವನ್ನೂ ಬೆಳೆಸತಕ್ಕದ್ದಲ್ಲ. ಮಾತು ಶುರುವಾದದ್ದು ಆ ಸಾಲಿನಿಂದ.

ವಿದ್ಯಾರ್ಥಿ: ಸರ್, ನಾನು ಓದೋದೇ ಗಿಡದ ವಿಷಯ. ಕಿಟಕಿ ಹತ್ರ ನಾಲ್ಕು ಟೊಮೆಟೊ ಸಸಿ ಇಡೋದಕ್ಕೂ ನಿಮ್ಮನ್ನ ಕೇಳಬೇಕಾ?

ಹಿರಿಯರು: ಟೊಮೆಟೊ ಇಡು, ಯಾರು ಬೇಡ ಅಂದ್ರು? ಆ ಷರತ್ತು ಯಾತಕ್ಕೆ ಅಂತ ನಿನಗೂ ಗೊತ್ತು. 2023ರ ಜೂನ್‌ನಲ್ಲಿ ಇದೇ ಶಿವಮೊಗ್ಗದ ಒಂದು ಬಾಡಿಗೆ ಮನೆಯಲ್ಲಿ ಎಲ್‌ಇಡಿ ದೀಪ, ಫ್ಯಾನು ಎಲ್ಲ ಇಟ್ಟು ಗಾಂಜಾ ಬೆಳೆದ ಆರೋಪದ ಮೇಲೆ ಪೊಲೀಸರು ವೈದ್ಯಕೀಯ ವಿದ್ಯಾರ್ಥಿಗಳನ್ನು ಹಿಡಿದ್ರು. ಪೇಪರಿನಲ್ಲೆಲ್ಲ ಫೋಟೊ ಬಂತು. ಅವತ್ತಿನಿಂದ ಕಾಲೇಜು ಪಕ್ಕದಲ್ಲಿ ಮನೆ ಬಾಡಿಗೆಗೆ ಕೊಟ್ಟವರ ನಿದ್ದೆ ಹೋಗಿದೆ. ಮಾದಕ ವಸ್ತು ಕಾಯ್ದೆಯ 25ನೇ ಕಲಮು ಓದಿದ್ದೀಯಾ? ಗೊತ್ತಿದ್ದೂ ಮನೆ ಕೊಟ್ಟರೆ, ಬೆಳೆದವನಿಗೆ ಇರೋ ಶಿಕ್ಷೆಯೇ ಮನೆ ಯಜಮಾನನಿಗೂ.

ವಿದ್ಯಾರ್ಥಿ: ಓದಿದ್ದೀನಿ. 20ನೇ ಕಲಮೂ ಓದಿದ್ದೀನಿ. ಗಾಂಜಾ ಇಟ್ಕೊಂಡು ಸಿಕ್ಕಿಬಿದ್ದರೆ ತೂಕ ನೋಡಿ ಶಿಕ್ಷೆ. 1 ಕೆಜಿವರೆಗೆ ಅಲ್ಪ ಪ್ರಮಾಣ, 20 ಕೆಜಿ ಮೇಲೆ ವಾಣಿಜ್ಯ ಪ್ರಮಾಣ. ಗಿಡ ಬೆಳೆಸಿದ್ದಕ್ಕೆ ಆ ಮೆಟ್ಟಿಲುಗಳೇ ಇಲ್ಲ. 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಎಕರೆಗಟ್ಟಲೆ ಬೆಳೆದವನಿಗೂ, ಕುಂಡದಲ್ಲಿ ಒಂದು ಗಿಡ ಇಟ್ಟವನಿಗೂ ಒಂದೇ ಕಲಮು. ಇದು ನಿಮಗೆ ಸರಿ ಅನ್ನಿಸುತ್ತಾ?

ಹಿರಿಯರು: ನನಗೇನು ಅನ್ನಿಸುತ್ತೆ ಅನ್ನೋದನ್ನ ನ್ಯಾಯಾಧೀಶರು ಕೇಳಲ್ಲ. ನಿನ್ನನ್ನ ಒಂದು ಮಾತು ಕೇಳ್ತೀನಿ. ಈ ಗಿಡದ ಮೇಲೇ ಯಾಕಪ್ಪ ನಿನಗೆ ಇಷ್ಟು ಆಸೆ?

ಹುಡುಗನ ಆಸೆಗೆ ಚಟ ಕಾರಣವಲ್ಲ, ಪಾಠವೇ ಕಾರಣ. ಒಂದು ಹಿಡಿ ಬೀಜ ಬಿತ್ತಿ, ಹುಟ್ಟಿದ ಸಸಿಗಳಲ್ಲಿ ಯಾವುದು ಎತ್ತರ, ಯಾವುದು ಗಿಡ್ಡ, ಯಾವುದು ಬೇಗ ಹೂ ಬಿಟ್ಟಿತು, ಎಲೆ ಅಗಲವೋ ಕಿರಿದೋ ಎಂದು ಬರೆದಿಡುವುದು ಅವನ ಓದಿನ ಮೊದಲ ಅಕ್ಷರ. ಆ ಅಕ್ಷರವನ್ನು ಗಾಂಜಾ ಗಿಡದಷ್ಟು ಸ್ಪಷ್ಟವಾಗಿ ತೋರಿಸುವ ಬೆಳೆಗಳು ಹೆಚ್ಚಿಲ್ಲ.

ವಿದ್ಯಾರ್ಥಿ: ಪಪ್ಪಾಯಿ ಹಾಗೆ ಸರ್, ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಸಸಿಯಾಗಿದ್ದಾಗ ಕಣ್ಣಿಗೆ ಗೊತ್ತಾಗಲ್ಲ. ಹತ್ತು ಜೊತೆ ವರ್ಣತಂತು, ಅದರಲ್ಲಿ ಒಂದು ಜೊತೆ ನಮ್ಮ ಹಾಗೇ ಎಕ್ಸ್-ವೈ. ಗಾಳಿಯಿಂದ ಪರಾಗ ಹರಡುತ್ತೆ, ಹಾಗಾಗಿ ಒಂದೇ ತಾಯಿಯ ಬೀಜಗಳಲ್ಲೂ ಒಂದೊಂದು ಒಂದೊಂದು ಥರ. 2003ರಲ್ಲಿ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಓದಿ ನಾನು ಬೆರಗಾಗಿಬಿಟ್ಟೆ. ನಶೆ ತರಿಸೋ ಟಿಎಚ್‌ಸಿ, ನಶೆ ತರಿಸದ ಸಿಬಿಡಿ, ಎರಡಕ್ಕೂ ಕಚ್ಚಾವಸ್ತು ಒಂದೇ. ಯಾವ ಕಿಣ್ವ ಇದೆ ಅನ್ನೋದರ ಮೇಲೆ ಯಾವುದಾಗುತ್ತೆ ಅನ್ನೋದು ತೀರ್ಮಾನ. ಬರೀ ಟಿಎಚ್‌ಸಿ ಇರೋ ಗಿಡಕ್ಕೂ ಬರೀ ಸಿಬಿಡಿ ಇರೋ ಗಿಡಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯಲ್ಲಿ ಎಲ್ಲದರಲ್ಲೂ ಎರಡೂ ಇರುತ್ತೆ. ಎರಡನೇ ಪೀಳಿಗೆಯಲ್ಲಿ ಒಂದು, ಎರಡು, ಒಂದು ಅನುಪಾತ. ಮೆಂಡಲ್ ಬಟಾಣಿಯಲ್ಲಿ ಕಂಡ ಲೆಕ್ಕವೇ!

ಹಿರಿಯರು: ಚೆಂದ. ಮೆಂಡಲ್ ಹೆಸರು ತೆಗೆದೆಯಲ್ಲ, ಅವನು ಎಷ್ಟು ಗಿಡ ಬೆಳೆದ ಹೇಳು.

ವಿದ್ಯಾರ್ಥಿ: ಎಂಟು ವರ್ಷದಲ್ಲಿ ಸುಮಾರು 28,000.

ಹಿರಿಯರು: ಮಠದ ತೋಟದಲ್ಲಿ, ಎಲ್ಲರ ಕಣ್ಣೆದುರಿಗೆ. ಆ ಅನುಪಾತ ಕಣ್ಣಿಗೆ ಬಿದ್ದದ್ದು ಗಿಡದ ಸಂಖ್ಯೆ ದೊಡ್ಡದಿದ್ದದ್ದಕ್ಕೆ. ಬಾಡಿಗೆ ಕೋಣೆಯಲ್ಲಿ ಎಷ್ಟು ಕುಂಡ ಹಿಡೀತಾವೆ? ಹತ್ತು? ಅದರಲ್ಲಿ ಅರ್ಧ ಗಂಡು. ಉಳಿದ ಐದರಲ್ಲಿ ಒಂದು ದೀಪದ ನಡುವಿಗೆ, ಒಂದು ಗೋಡೆ ಮೂಲೆಗೆ, ಒಂದು ಫ್ಯಾನಿನ ಎದುರಿಗೆ. ನಡುವಿನದು ದಷ್ಟಪುಷ್ಟ ಬೆಳೆದರೆ ಅದು ತಳಿಯ ಗುಣವೋ, ಜಾಗದ ಗುಣವೋ? ಬೀಜದ ಪ್ಲಾಟ್‌ನಲ್ಲಿ ಬೆರಕೆ ಗಿಡ ಕೀಳಿಸ್ತಿದ್ದಾಗ ಇದೇ ಪ್ರಶ್ನೆ ದಿನಾ ಎದುರಾಗ್ತಿತ್ತು. ಬದುವಿನ ಪಕ್ಕದ ಪೈರು ಎತ್ತರ ಬಂದರೆ ಅದನ್ನ ಬೆರಕೆ ಅಂತ ಕೀಳಬಾರದು, ಅಲ್ಲಿ ಗೊಬ್ಬರ ನಿಂತಿರುತ್ತೆ. ಅದಕ್ಕೇ ಒಂದೇ ತಳಿಯನ್ನ ಮೂರು ನಾಲ್ಕು ಮಡಿಯಲ್ಲಿ, ಬೇರೆ ಬೇರೆ ಜಾಗದಲ್ಲಿ, ಚೀಟಿ ಎತ್ತಿ ಹಾಕೋದು. ಗುಟ್ಟಾಗಿ ಬೆಳೆದವನಿಗೆ ಇದ್ಯಾವುದೂ ಸಾಧ್ಯ ಇಲ್ಲ. ಅವನು ಬರೆದಿಟ್ಟುಕೊಂಡದ್ದನ್ನ ಇನ್ನೊಬ್ಬರಿಗೆ ತೋರಿಸೋ ಹಾಗೂ ಇಲ್ಲ. ಅಲ್ಲಿ ಗಿಡ ಬೆಳೆಯಬಹುದು, ವಿದ್ಯೆ ಬೆಳೆಯಲ್ಲ.

ವಿದ್ಯಾರ್ಥಿ: ಗುಟ್ಟಿನ ವಿಷಯಕ್ಕೆ ಒಪ್ತೀನಿ, ಕೋಣೆ ವಿಷಯಕ್ಕೆ ಒಪ್ಪಲ್ಲ. ಈಗ ತಳಿ ಅಭಿವೃದ್ಧಿ ನಡೀತಿರೋದೇ ಕೋಣೆಯೊಳಗೆ. 2018ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ದಿನಕ್ಕೆ 22 ಗಂಟೆ ದೀಪ ಉರಿಸಿ ಗೋಧಿಯಲ್ಲಿ ವರ್ಷಕ್ಕೆ ಆರು ಪೀಳಿಗೆವರೆಗೆ ತೆಗೆಯಬಹುದು ಅಂತ ತೋರಿಸಿದರು. ಗದ್ದೆಯಲ್ಲಾದರೆ ಎರಡು ಬೆಳೆ ಬಂದರೆ ಪುಣ್ಯ. ಬೆಳಕು, ಬಿಸಿ, ತೇವ ಎಲ್ಲ ನಮ್ಮ ಕೈಲಿರುತ್ತೆ. ಗಾಂಜಾ ಗಿಡ ರಾತ್ರಿ ಉದ್ದವಾದಾಗ ಹೂ ಬಿಡೋ ಜಾತಿ. ಹೂವಿನ ಕಾಲ ಹೋಲಿಸಬೇಕು ಅಂದರೆ ದೀಪದ ಕೋಣೆಗಿಂತ ಒಳ್ಳೆ ಜಾಗ ಯಾವುದು?

ಹಿರಿಯರು: ಅದು ಪ್ರಯೋಗಾಲಯ ಮಾರಾಯ. ಅದಕ್ಕೆ ಬಾಗಿಲಿದೆ, ಬೋರ್ಡಿದೆ, ರಿಜಿಸ್ಟರ್ ಇದೆ.

ವಿದ್ಯಾರ್ಥಿ: ಹಾಗಾದರೆ ಬೋರ್ಡು ಇರೋ ಕೋಣೆ ನಮಗೂ ಬೇಕು ಅನ್ನೋದೇ ನನ್ನ ವಾದ. ಮಹಡಿ ಮೇಲಿನ ಕೋಣೆ ನನಗೆ ಬೇಡವೇ ಬೇಡ.

ಇಲ್ಲಿಗೆ ಇಬ್ಬರೂ ಒಂದೇ ದಡಕ್ಕೆ ಬಂದಂತೆ ಕಂಡಿತು. ಆದರೆ ಬೋರ್ಡು ಇರುವ ಕೋಣೆಯಲ್ಲೂ ಏನನ್ನು ಅಳೆಯಬೇಕು, ಯಾತರಿಂದ ಅಳೆಯಬೇಕು ಎಂಬುದು ಹಿರಿಯರ ಮುಂದಿನ ತಕರಾರಾಯಿತು. ಈ ಗಿಡದ ಬಗ್ಗೆ ಮಾತಾಡುವವರೆಲ್ಲ ಬಳಸುವ ಹೆಸರುಗಳ ಮೇಲೇ ಅವರಿಗೆ ನಂಬಿಕೆಯಿಲ್ಲ. ಸಟೈವಾ ಅಂದರೆ ಹುರುಪು, ಇಂಡಿಕಾ ಅಂದರೆ ಮಂಪರು ಎಂಬುದು ಜಗತ್ತಿನಾದ್ಯಂತ ಅಂಗಡಿಯವರು ಹಬ್ಬಿಸಿದ ಮಾತು. ಲಿನೇಯಸ್ 1753ರಲ್ಲಿ ಸಟೈವಾ ಎಂದು ಹೆಸರಿಟ್ಟದ್ದು ಯೂರೋಪಿನಲ್ಲಿ ನಾರಿಗಾಗಿ ಬೆಳೆಯುತ್ತಿದ್ದ ಇದೇ ಗಿಡವನ್ನು ನೋಡಿ. ಲಾಮಾರ್ಕ್ 1785ರಲ್ಲಿ ಇಂಡಿಕಾ ಎಂದದ್ದು ಭಾರತದಿಂದ ಹೋದ ಗಿಡವನ್ನು ನೋಡಿ. ಹುರುಪು, ಮಂಪರಿನ ಲೆಕ್ಕ ಇಬ್ಬರಲ್ಲೂ ಇರಲಿಲ್ಲ.

ಹಿರಿಯರು: ನೀನೇ ಹೇಳಿದ್ದೆ, ಕೆನಡಾದವರು 81 ಗಾಂಜಾ ಮಾದರಿ, 43 ನಾರಿನ ಮಾದರಿ ತಗೊಂಡು ವಂಶವಾಹಿ ನೋಡಿದರು ಅಂತ.

ವಿದ್ಯಾರ್ಥಿ: ಹೌದು, 2015ರಲ್ಲಿ. ಹೆಸರು ಒಂದೇ ಇದ್ದರೂ ಎಷ್ಟೋ ಮಾದರಿಗಳ ವಂಶ ಬೇರೆ ಬೇರೆ ಇತ್ತು. ನಾರಿನ ಗಿಡಕ್ಕೂ ಗಾಂಜಾ ಗಿಡಕ್ಕೂ ಇಡೀ ವಂಶವಾಹಿಯಲ್ಲೇ ವ್ಯತ್ಯಾಸ ಇತ್ತು, ಅದು ಮಾತ್ರ ಸ್ಪಷ್ಟ.

ಹಿರಿಯರು: ನೋಡಿದೆಯಾ? ತಳಿ ಅಂದರೆ ಭಿನ್ನವಾಗಿರಬೇಕು, ಏಕರೂಪ ಇರಬೇಕು, ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿರಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ನೋಂದಣಿಗೆ ಈ ಮೂರನ್ನೂ ಕೇಳ್ತಾರೆ. ಅಂಗಡಿಯಲ್ಲಿ ಹೆಸರು ಬರೆದು ಮಾರೋ ಬೀಜ ಈ ಮೂರರಲ್ಲಿ ಒಂದನ್ನೂ ಪಾಸು ಮಾಡಲ್ಲ. ಅಂಥ ಬೀಜ ತಂದು ಮನೆಯಲ್ಲಿ ಬೆಳೆದು, ಇದು ಆ ತಳಿ, ಅದು ಈ ತಳಿ ಅಂತ ಹೋಲಿಸಿದರೆ ಏನನ್ನ ಹೋಲಿಸಿದ ಹಾಗಾಯ್ತು? ಇನ್ನೊಂದು ಕೇಳು. ಎತ್ತರವನ್ನ ಸ್ಕೇಲಿನಿಂದ ಅಳೀಬಹುದು, ಹೂವಿನ ದಿನವನ್ನ ಕ್ಯಾಲೆಂಡರಿನಿಂದ. ಟಿಎಚ್‌ಸಿಯನ್ನ ಅಳೆಯೋಕೆ ಕ್ರೊಮ್ಯಾಟೊಗ್ರಫಿ ಯಂತ್ರ ಬೇಕು. ಆ ಯಂತ್ರ ಇಲ್ಲದ ಹುಡುಗರು ಅದನ್ನ ಅಳೆಯೋದು ಸ್ವಂತ ತಲೆಯಿಂದ. ಅದು ನನಗೆ ಭಯ. ಯೂರೋಪು, ಬ್ರೆಜಿಲ್ ಸೇರಿ ಹನ್ನೊಂದು ಕಡೆ ನಡೆದ ಅಧ್ಯಯನ 2019ರಲ್ಲಿ ಬಂತು. ದಿನವೂ ಟಿಎಚ್‌ಸಿ ಶೇ 10ಕ್ಕೆ ಮೇಲಿರೋ ಗಾಂಜಾ ಸೇದೋರಲ್ಲಿ, ಸೇದದವರಿಗೆ ಹೋಲಿಸಿದರೆ, ಚಿತ್ತವಿಕಲತೆಯ ಸಂಭವ ಸುಮಾರು ಐದು ಪಟ್ಟು. ಈ ಬೀದಿಯಲ್ಲಿ ಓದೋ ಹುಡುಗರ ವಯಸ್ಸು ಎಷ್ಟು? ಹದಿನೆಂಟು, ಇಪ್ಪತ್ತು. ಅವರಿಗೆ ಬೆಳೆಸೋದು ಕಲಿಸಿಕೊಟ್ಟು, ಸೇದಬೇಡಿ ಅಂದರೆ ಯಾರು ಕೇಳ್ತಾರೆ?

ಹುಡುಗ ತಕ್ಷಣ ಉತ್ತರ ಕೊಡಲಿಲ್ಲ. ಈ ಪ್ರಶ್ನೆಗೆ ಪುಸ್ತಕದಿಂದ ಉತ್ತರ ತೆಗೆಯುವುದು ಸುಲಭವಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಶೇ 2.8ರಷ್ಟು, ಅಂದರೆ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಕಾನೂನು 1985ರಿಂದ ಇದ್ದರೂ ಇಷ್ಟು ಜನ.

ವಿದ್ಯಾರ್ಥಿ: ನೀವು ಹೇಳೋ ಅಪಾಯ ನಿಜ ಸರ್. ಆದರೆ ಆ ಗಿಡ ನಮ್ಮ ಊರಿಗೆ ದೀಪದ ಜೊತೆ ಬಂದದ್ದಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅದನ್ನ ಪ್ರಸಾದ ಅಂತ ಕೊಡೋ ಪದ್ಧತಿ ಬಗ್ಗೆ ಪತ್ರಿಕೆಗಳು ಬರೆದಿವೆ. ಕಾಯ್ದೆ ಗಾಂಜಾ ಅನ್ನೋದು ಹೂ ತೆನೆಗೆ. ತೆನೆ ಜೊತೆಗಿಲ್ಲದ ಎಲೆ, ಬೀಜ ಅದರ ವ್ಯಾಖ್ಯೆಯಿಂದ ಹೊರಗೆ. 2022ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯ್ದೆಯ ಪಟ್ಟಿಯಲ್ಲಿಲ್ಲ ಅಂದಿತು.

ಹಿರಿಯರು: ನಮ್ಮ ಅಜ್ಜಿ ದನಕ್ಕೆ ಹೊಟ್ಟೆ ಉಬ್ಬರ ಬಂದರೆ ಭಂಗಿ ಸೊಪ್ಪು ಅರೆದು ಕುಡಿಸ್ತಿದ್ದಳು. ಹಿತ್ತಿಲಲ್ಲಿ ಎರಡು ಗಿಡ ಇರ್ತಿತ್ತು. ಈಗಿನ ಕಾನೂನಿನಲ್ಲಿ ಅವಳೂ ಅಪರಾಧಿಯೇ, ಅದನ್ನ ನಾನು ಮರೆತಿಲ್ಲ. ಆದರೆ ಆ ಹಿತ್ತಿಲ ಗಿಡವೇ ಬೇರೆ, ಹತ್ತಾರು ವರ್ಷ ಆರಿಸಿ ಆರಿಸಿ ನಶೆ ಏರಿಸಿದ ಈ ಬೀಜವೇ ಬೇರೆ.

ವಿದ್ಯಾರ್ಥಿ: ಅದೇ ನನ್ನ ನೋವು! ಆ ಹಿತ್ತಿಲ ಗಿಡ ಹೇಗಿತ್ತು? ಎಷ್ಟು ಟಿಎಚ್‌ಸಿ, ಎಷ್ಟು ಸಿಬಿಡಿ, ಯಾವಾಗ ಹೂ? ಮಲೆನಾಡಿನ ಮಳೆಗೆ ಬೂಷ್ಟು ತಡೀತಿತ್ತಾ? ಯಾರೂ ಬರೆದಿಟ್ಟಿಲ್ಲ. ಭತ್ತದಲ್ಲಿ ಅಜ್ಜಂದಿರ ತಳಿ ಉಳಿದದ್ದಕ್ಕೆ ಅದರಿಂದ ಹೊಸದು ಮಾಡೋಕೆ ಆಗ್ತಿದೆ. ನಮ್ಮ ವಿಶ್ವವಿದ್ಯಾಲಯದ ಸಹ್ಯಾದ್ರಿ ಮೇಘ ಬಂದದ್ದು ರೈತರು ಬೆಳೀತಿದ್ದ ಜ್ಯೋತಿಯನ್ನ ರೋಗ ತಡೆಯೋ ಇನ್ನೊಂದು ತಳಿ ಜೊತೆ ಸೇರಿಸಿ. ಗುಬ್ಬಿ ತಾಲ್ಲೂಕಿನ ಒಬ್ಬ ರೈತರ ತೋಟದಲ್ಲಿ ಬೀಜದಿಂದ ಎದ್ದ ಒಂದು ಹಲಸಿನ ಮರ ಉಳಿದದ್ದಕ್ಕೆ ಇವತ್ತು ಸಿದ್ದು ಹಲಸು ಅಂತ ತಳಿ ಇದೆ. ಭಂಗಿಯಲ್ಲಿ ಅಂಥ ಒಂದು ಸಾಲು ಗಿಡವೂ ನಮ್ಮ ಹತ್ರ ಇಲ್ಲ. ಕದ್ದು ತರಿಸಿದ ಹೊರಗಿನ ಬೀಜ ಎಲ್ಲೆಲ್ಲೋ ಬೆಳೆದು, ಅದರ ಪರಾಗ ಕಿಲೋಮೀಟರ್‌ಗಟ್ಟಲೆ ಹಾರಿ ಉಳಿದ ಹಳೇ ಗಿಡಕ್ಕೂ ಬೆರೆತರೆ ಮುಗೀತು.

ಇಲ್ಲಿ ಒಟ್ಟಾವಾದ ಕಥೆ ಹೇಳಲೇಬೇಕು. 1970ರ ದಶಕದ ಆರಂಭದಲ್ಲಿ ಕೆನಡಾ ಸರ್ಕಾರದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ ಜಗತ್ತಿನ ನಾನಾ ಕಡೆಯಿಂದ ಈ ಗಿಡದ ಬೀಜ ತರಿಸಿ ಬೆಳೆಸಿದರು. 350 ಬೀಜಮೂಲಗಳ ರಾಸಾಯನಿಕ ಗುಣವನ್ನು ಹೋಲಿಸಿದ ವರದಿ 1973ರಲ್ಲಿ ಪ್ರಕಟವಾಯಿತು. ಟಿಎಚ್‌ಸಿ ಪ್ರಧಾನವಾದವು, ಸಿಬಿಡಿ ಪ್ರಧಾನವಾದವು, ನಡುವಿನವು ಎಂದು ಗುಂಪು ಮಾಡುವ ರೂಢಿ ಅಲ್ಲಿಂದ ಬೆಳೆಯಿತು. 1976ರಲ್ಲಿ ಅವರೇ ಆರ್ಥರ್ ಕ್ರಾಂಕ್ವಿಸ್ಟ್ ಜೊತೆ ಸೇರಿ, ವರ್ಗೀಕರಣದ ಅನುಕೂಲಕ್ಕಾಗಿ ಶೇ 0.3 ಟಿಎಚ್‌ಸಿಯಲ್ಲಿ ಒಂದು ಗೆರೆ ಎಳೆದರು. ಗಿಡಗಳನ್ನು ಎರಡು ಪಂಗಡವಾಗಿ ಜೋಡಿಸಿಡಲು ಎಳೆದ ಆ ಗೆರೆ ಮುಂದೆ ದೇಶದೇಶಗಳ ಕಾನೂನಾಯಿತು. ಅಮೆರಿಕ 2018ರಲ್ಲಿ ನಾರಿನ ಬೆಳೆಯನ್ನು ಬಿಡುಗಡೆ ಮಾಡಿದ್ದು ಅದೇ ಅಂಕಿಯ ಮೇಲೆ. ಅದೇ ವರ್ಷ ದೇಶದಲ್ಲೇ ಮೊದಲಿಗೆ ನಾರಿಗಾಗಿ ಬೆಳೆಯಲು ಪರವಾನಗಿ ಕೊಟ್ಟ ಉತ್ತರಾಖಂಡ ನೆಚ್ಚಿದ್ದೂ ಅದನ್ನೇ. ಬೀಜ ಬಿತ್ತಿ ಗುಣ ಹೋಲಿಸಿದ ಒಬ್ಬ ಸಸ್ಯವಿಜ್ಞಾನಿಯ ಟಿಪ್ಪಣಿಯಿಂದ ಅರ್ಧ ಜಗತ್ತಿನ ಕಾಯ್ದೆಗೆ ಅಂಕಿ ಸಿಕ್ಕಿತು. ಅವರ ಬಳಿ ಸರ್ಕಾರದ ಹೊಲವೂ ಅನುಮತಿಯೂ ಇದ್ದವು.

ಹಿರಿಯರು: ಆ 0.3 ನಮ್ಮ ಬಿಸಿಲಿಗೆ ಹೊಂದುತ್ತೆ ಅಂತ ಯಾರು ನೋಡಿದ್ದಾರೆ? ಒಟ್ಟಾವಾ ಎಲ್ಲಿ, ಶಿವಮೊಗ್ಗ ಎಲ್ಲಿ! ಅಲ್ಲಿ ಬೇಸಿಗೆ ಹಗಲು ಹದಿನೈದು ಗಂಟೆ ದಾಟುತ್ತೆ, ಇಲ್ಲಿ ಹದಿಮೂರಕ್ಕೆ ನಿಲ್ಲುತ್ತೆ. ಅಮೆರಿಕದಲ್ಲಿ ಗೆರೆ ದಾಟಿದ ಬೆಳೆಯನ್ನ ನಾಶ ಮಾಡಿಸ್ತಾರೆ. ಇಲ್ಲಿ ರೈತ ನಾರಿಗೆ ಅಂತ ಬಿತ್ತಿ, ಕೊಯ್ಲಿಗೆ ಬಂದಾಗ 0.4 ಬಂದರೆ? ಬೀಜ ಕೊಟ್ಟ ಕಂಪನಿ ಕೈ ತೊಳ್ಕೊಳ್ಳುತ್ತೆ, ಇವನ ಮೇಲೆ ಕೇಸು. ಮೆಕ್ಕೆಜೋಳದ ನಡುವೆ, ಶುಂಠಿ ನಡುವೆ ನಾಲ್ಕು ಗಾಂಜಾ ಗಿಡ ಹಾಕಿ ಕೋರ್ಟು ಅಲೆದವರನ್ನ ಕಂಡಿದ್ದೀನಿ. ಮನೆಯವರ ಗತಿ ಕೇಳೋರಿಲ್ಲ.

ವಿದ್ಯಾರ್ಥಿ: ಅದಕ್ಕೇ ರೈತನಿಗೆ ಕೊಡೋ ಮೊದಲು ವಿಶ್ವವಿದ್ಯಾಲಯ ಬೆಳೆದು ನೋಡಬೇಕು ಅನ್ನೋದು. ಹಿಮಾಚಲದಲ್ಲಿ 2025ರ ಜನವರಿಯಲ್ಲಿ ಸಚಿವ ಸಂಪುಟ ಪಾಲಂಪುರ ಮತ್ತು ನೌಣಿಯ ಎರಡು ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನ ಒಪ್ಪಿಸಿತು. ಕಾಯ್ದೆಯ 10 ಮತ್ತು 14ನೇ ಕಲಮುಗಳಲ್ಲಿ ದಾರಿ ಇದೆ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನ ಅತ್ಯಂತ ಅಪಾಯಕಾರಿ ಪಟ್ಟಿಯಿಂದ ತೆಗೆಯೋಕೆ 27 ಮತ ಬಿತ್ತು, ವಿರೋಧ 25. ಭಾರತ ತೆಗೆಯೋ ಪರ ಇತ್ತು. ಹೊರಗಡೆ ಹಾಗೆ ಮತ ಹಾಕಿ, ಒಳಗಡೆ ನಮ್ಮ ಕೃಷಿ ಕಾಲೇಜು ಮುಟ್ಟಬಾರದು ಅಂದರೆ ಹೇಗೆ? ಅಪಸ್ಮಾರದ ಕೆಲವು ಮಕ್ಕಳಿಗೆ ಕೊಡೋ ಸಿಬಿಡಿ ಔಷಧಿಗೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿತು. ಅದರ ಗಿಡ ಇಲ್ಲಿನದಾಗಿದ್ದರೆ ಏನು ತಪ್ಪು? ಭದ್ರಾವತಿಯಲ್ಲಿ ಎಂಪಿಎಂ ಕಾಗದದ ಕಾರ್ಖಾನೆ 2015ರಿಂದ ನಿಂತಿದೆ. ಈ ಗಿಡದ ನಾರಿನಿಂದ ಕಾಗದ ಮಾಡಿದ್ದು ಚೀನಾದಲ್ಲಿ ಎರಡು ಸಾವಿರ ವರ್ಷದ ಹಿಂದೆ.

ಹಿರಿಯರು: ಎಂಪಿಎಂ ವಿಷಯ ಎಳೀಬೇಡ. ಅದು ನಿಂತದ್ದು ನಾರಿಲ್ಲದೆ ಅಲ್ಲ, ನಷ್ಟದಿಂದ. ಬಿದಿರು, ನೀಲಗಿರಿ ಸುತ್ತಮುತ್ತ ಇದ್ದಾಗಲೇ ಕಷ್ಟಪಟ್ಟ ಕಾರ್ಖಾನೆ ಅದು. ಹೊಸ ಬೆಳೆ ಬಂದಾಗಲೆಲ್ಲ ಇಂಥ ಆಸೆ ಹುಟ್ಟಿಸ್ತಾರೆ. ವೆನಿಲ್ಲಾ ಬಂದಾಗ ಕೆಜಿಗೆ ಸಾವಿರಾರು ರೂಪಾಯಿ ಅಂದರು. ಎಷ್ಟು ಮನೆ ಮುಳುಗಿದವು ಅಂತ ತೀರ್ಥಹಳ್ಳಿ ಕಡೆ ಹೋಗಿ ಕೇಳು. ಔಷಧದ ಮಾತು ಬೇರೆ, ಅದಕ್ಕೆ ನಾನು ಅಡ್ಡ ಬರಲ್ಲ. ಕಾಲೇಜು ಫಾರಂನಲ್ಲಿ ಹಾಕಿದಿರಿ ಅಂತಾನೇ ಇಟ್ಕೊ. ನೋಡೋಕೆ ನಾರಿನ ಗಿಡವೂ ಗಾಂಜಾ ಗಿಡವೂ ಒಂದೇ. ರಾತ್ರಿ ಬೇಲಿ ಹಾರಿ ಬರೋನಿಗೆ 0.3 ಗೊತ್ತಾಗುತ್ತಾ? ಕಾವಲಿನವನನ್ನ ಕಾಯೋರು ಯಾರು?

ವಿದ್ಯಾರ್ಥಿ: ಅದಕ್ಕೇ ಕೋಣೆ ಬೇಕು ಅಂದದ್ದು ಸರ್. ಬೀಗ ಹಾಕೋ ಕೋಣೆ, ಕ್ಯಾಮೆರಾ, ಒಂದೊಂದು ಗಿಡಕ್ಕೂ ನಂಬರು.

ಹಿರಿಯರು: ಆಯ್ತು. ಕೋಣೆ ಸಿಕ್ಕಿತು, ಅನುಮತಿ ಸಿಕ್ಕಿತು. ಬೀಜ ಎಲ್ಲಿಂದ? ಹೊರದೇಶದ್ದು ತಂದರೆ ಅವರ ಗಿಡವನ್ನೇ ನಾವು ಹೋಲಿಸಿದ ಹಾಗೆ. ನಿನಗೆ ಬೇಕಿರೋದು ಹಿತ್ತಿಲಿಂದ ಹಿತ್ತಿಲಿಗೆ ಬಂದ ನಮ್ಮದು.

ಈ ಪ್ರಶ್ನೆಯನ್ನು ಹುಡುಗ ಮೊದಲೇ ಯೋಚಿಸಿದ್ದ. ಪೊಲೀಸರು ವಶಪಡಿಸಿಕೊಂಡ ಗಾಂಜಾವನ್ನು ಪಟ್ಟಿ ಮಾಡಿ, ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆದು, ಉಳಿದದ್ದನ್ನು ನಾಶಪಡಿಸಲು ಕಾಯ್ದೆಯ 52ಎ ಕಲಮಿನಲ್ಲಿ ಅವಕಾಶವಿದೆ. ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ರಾಜ್ಯದ ಪೊಲೀಸರು ರಾಶಿ ರಾಶಿ ಸುಟ್ಟದ್ದುಂಟು. ಆ ರಾಶಿಗಳಲ್ಲಿ ಬೀಜವೂ ಇರುತ್ತದೆ.

ವಿದ್ಯಾರ್ಥಿ: ಸುಡೋ ಮೊದಲು ಒಂದು ಚಿಟಿಕೆ ಬೀಜ ದೆಹಲಿಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದ ಜೀನ್ ಬ್ಯಾಂಕಿಗೆ ಕಳಿಸಬಾರದಾ? ಬೀಜ ಹೇಗೂ ಗಾಂಜಾದ ವ್ಯಾಖ್ಯೆಯಲ್ಲಿಲ್ಲ.

ಹಿರಿಯರು: ಬೀಜಕ್ಕೆ ಊರಿನ ವಿಳಾಸ ಇಲ್ಲದಿದ್ದರೆ ಜೀನ್ ಬ್ಯಾಂಕಿಗೆ ಅದರಿಂದ ಏನು ಉಪಯೋಗ? ಯಾವ ಹೊಲ, ಯಾವ ಮಣ್ಣು, ಎಷ್ಟು ವರ್ಷದಿಂದ ಅಲ್ಲೇ ಇತ್ತು, ಇದೆಲ್ಲ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಚೀಲದ ಜೊತೆ ಸಿಕ್ಕಿಬಿದ್ದವನು ನಿಜ ಹೇಳ್ತಾನಾ?

ವಿದ್ಯಾರ್ಥಿ: ಚೀಲದ್ದು ಬೇಡ. ಹೊಲದಲ್ಲಿ ಹಿಡಿದ ಕೇಸಿಗೆ ಪಂಚನಾಮೆ ಇರುತ್ತಲ್ಲ? ಸರ್ವೆ ನಂಬರು, ಚೆಕ್ಕುಬಂದಿ, ಎಷ್ಟು ಗಿಡ, ಎಷ್ಟು ಎತ್ತರ, ಯಾವ ಬೆಳೆ ನಡುವೆ, ಎಲ್ಲ ಬರೆದಿರ್ತಾರೆ.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ತಾವು ವರ್ಷಗಟ್ಟಲೆ ಬೀಜದ ಪ್ಲಾಟುಗಳಲ್ಲಿ ತುಂಬಿದ ತಪಾಸಣಾ ಫಾರಂಗಳಲ್ಲೂ ಹೆಚ್ಚು ಕಡಿಮೆ ಇವೇ ಅಂಶಗಳಿದ್ದವು.

ಹಿರಿಯರು: ಅದು ಸರಿ, ಪಂಚನಾಮೆಯಲ್ಲಿ ಇರುತ್ತೆ. ಆದರೆ ಪೊಲೀಸರು ಕೀಳೋದು ತೆನೆ ಕಂಡ ಕೂಡಲೇ, ಬೀಜ ಬಲಿಯೋ ಮೊದಲೇ. ಒಂದೆರಡು ಗಿಡ ಬಲಿಯೋವರೆಗೆ ಬಿಡಿ ಅಂತ ತಹಶೀಲ್ದಾರರಿಗೆ ಅರ್ಜಿ ಹಾಕ್ತೀಯೋ, ಎಸ್‌ಪಿಗೆ ಹಾಕ್ತೀಯೋ, ಅಬಕಾರಿಗೆ ಹಾಕ್ತೀಯೋ?

ವಿದ್ಯಾರ್ಥಿ: ಅದನ್ನೇ ನಾಳೆ ನಮ್ಮ ವಿಭಾಗದ ಮುಖ್ಯಸ್ಥರ ಹತ್ರ ಕೇಳ್ತೀನಿ. ಅರ್ಜಿ ಕನ್ನಡದಲ್ಲೇ ಬರೀಬೇಕು ಅಂದರೆ ಒಕ್ಕಣೆ ನೀವು ನೋಡಿಕೊಡ್ತೀರಾ?

ಹಿರಿಯರು: ಬರ್ಕೊಂಡು ಬಾ, ನೋಡೋಣ. ಸಹಿ ಮಾತ್ರ ನಾನು ಹಾಕಲ್ಲ.